ಚೀನೀಯರ ಮುಖ, ನಮ್ಮ ಮಣೆ

ಹೊರದೇಶಕ್ಕೆ ಓದಲು ಹೊರಟ ಹುಡುಗರಿಗೆ ಬುದ್ಧಿ ಹೇಳುವುದು ಈಗ ಬೆಂಗಳೂರಿನಲ್ಲಿ ಒಂದು ಕಸುಬಾಗಿದೆ. ಹಿಂದೆ ಈ ಕೆಲಸವನ್ನು ಮನೆಯ ಹಿರಿಯರು ಕಾಸು ಕೇಳದೆ ಮಾಡುತ್ತಿದ್ದರು. ‘ಮೈ ಜೋಪಾನ, ಕಾಗದ ಹಾಕುತ್ತಿರು’ ಎಂಬ ಎರಡು ಮಾತಿನಲ್ಲಿ ಮುಗಿಸುತ್ತಲೂ ಇದ್ದರು. ಈಗ ಶುಲ್ಕ ತೆತ್ತು, ತಣ್ಣನೆಯ ಕೋಣೆಯಲ್ಲಿ ಕುಳಿತು, ಪರದೆಯ ಮೇಲೆ ಮೂಡುವ ಚಿತ್ರಗಳನ್ನು ನೋಡುತ್ತ ಕೇಳಬೇಕು. ಚೀನಕ್ಕೆ ಹೊರಟು ನಿಂತಿರುವ ನನ್ನ ಚಿಕ್ಕಪ್ಪನ ಮಗನೊಡನೆ ಮೊನ್ನೆ ಅಂಥದೊಂದು ಉಪನ್ಯಾಸಕ್ಕೆ ನಾನೂ ಹೋಗಿದ್ದೆ.

ಉಪನ್ಯಾಸಕರು ಚೀನೀಯರ ‘ಕಾರ್ಯಸಂಸ್ಕೃತಿ’ಯನ್ನು ಮೂರು ಸೂತ್ರಗಳಲ್ಲಿ ಅಡಕ ಮಾಡಿ ಕೊಟ್ಟರು. ಒಂದು: ಚೀನೀಯನಿಗೆ ಪ್ರಾಣಕ್ಕಿಂತ ಮುಖ ದೊಡ್ಡದು, ಆದ್ದರಿಂದ ತಪ್ಪು ಕಂಡರೂ ತುಟಿ ಬಿಚ್ಚಕೂಡದು. ಎರಡು: ಅಲ್ಲಿ ಕಾಗದಪತ್ರಕ್ಕಿಂತ ಸಂಬಂಧ ಹೆಚ್ಚು, ಆದ್ದರಿಂದ ಮೇಲಿನವರನ್ನು ಹಿಡಿದುಕೊಳ್ಳಬೇಕು. ಮೂರು: ಹೊತ್ತುಗೊತ್ತಿಲ್ಲದೆ ದುಡಿಯುವುದು ಕನ್‌ಫ್ಯೂಷಿಯಸನ ಕಾಲದಿಂದ ಅವರ ರಕ್ತದಲ್ಲಿ ಹರಿದುಬಂದಿದೆ, ಆದ್ದರಿಂದ ಗಡಿಯಾರ ನೋಡಬಾರದು. ಅಷ್ಟೇ ಅಲ್ಲ, ನಾವೂ ಅದನ್ನು ಕಲಿಯದೆ ನಮ್ಮ ದೇಶಕ್ಕೆ ಗತಿಯಿಲ್ಲ! ಹುಡುಗರು ತಲೆ ತಗ್ಗಿಸಿ ಬರೆದುಕೊಂಡರು. ನನಗೆ ಎದ್ದು ನಿಂತು ‘ಸುಳ್ಳು’ ಎನ್ನಬೇಕೆನಿಸಿತು. ಎನ್ನಲಿಲ್ಲ. ನಾಲ್ಕು ಜನರ ಮುಂದೆ ಹಿರಿಯರಿಗೆ ಮುಖಭಂಗವಾದೀತೆಂಬ ದಾಕ್ಷಿಣ್ಯ ತಡೆಯಿತು. ಮುಖದ ಚಿಂತೆ ಚೀನೀಯರದೊಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನ್ನಲ್ಲಿಲ್ಲ. ಅಂದು ನುಂಗಿದ ಮಾತನ್ನು ಇಲ್ಲಿ ಆಡುತ್ತೇನೆ.

ನಾನು ೨೦೧೬ರಿಂದ ಮೂರು ವರ್ಷ ಹಾಂಗ್‌ಝೌ ನಗರದಲ್ಲಿದ್ದೆ. ಮೊದಲ ವರ್ಷ ಭಾಷೆ, ಆಮೇಲೆ ವಿದ್ಯುತ್ ಯಂತ್ರಗಳ ಓದು. ಕೊನೆಯ ಆರು ತಿಂಗಳು ನಗರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಇಂಟರ್ನ್. ನಮ್ಮ ತಾತಂದಿರ ಮಾತಿನಲ್ಲಿ ಹೇಳುವುದಾದರೆ ಉಮೇದುವಾರ. ನೀರೆತ್ತುವ ಪಂಪುಗಳಿಗೆ ಸ್ಟಾರ್ಟರ್ ಪೆಟ್ಟಿಗೆ ಮಾಡುವ ಜಾಗ ಅದು. ಓದುವ ಪರವಾನಗಿಯ ಮೇಲೆ ಹೋದವನು ಅಲ್ಲಿ ಕೆಲಸಕ್ಕೆ ಕೈಹಾಕಬೇಕಾದರೆ ವಿದ್ಯಾಲಯದ ಒಪ್ಪಿಗೆ ಪತ್ರ ಪಡೆದು, ಪೊಲೀಸರ ಕಚೇರಿಯಲ್ಲಿ ತನ್ನ ವಾಸದ ಪರವಾನಗಿಯ ಮೇಲೆ ಅದನ್ನು ಬರೆಸಿಕೊಳ್ಳಬೇಕು. ಇಲ್ಲವಾದರೆ ೨೦೧೩ರಲ್ಲಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ಕಾನೂನಿನ ಪ್ರಕಾರ ಅವನು ಅಕ್ರಮ ಕೆಲಸಗಾರ. ನಮ್ಮ ಉಪನ್ಯಾಸಕರು ಇದನ್ನು ಹೇಳಲೇ ಇಲ್ಲ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದೆಂಬುದನ್ನು ಮಾತ್ರ ಹತ್ತು ನಿಮಿಷ ವಿವರಿಸಿದರು. ಕಡ್ಡಿ ಚುಚ್ಚಿದರೆ ಪಕ್ಕದವರು ನಕ್ಕು ಸುಮ್ಮನಾಗುತ್ತಾರೆ. ಪರವಾನಗಿ ಇಲ್ಲದಿದ್ದರೆ ಹುಡುಗ ಓದು ಬಿಟ್ಟು ಊರಿಗೆ ಬರಬೇಕಾದೀತು. ಸಂಸ್ಕೃತಿಯ ಪಾಠ ಕಾನೂನಿನ ಪಾಠವನ್ನು ನುಂಗುವುದು ಹೀಗೆ.

ಮೊದಲ ಸೂತ್ರವನ್ನು ತೆಗೆದುಕೊಳ್ಳೋಣ. ಇದಕ್ಕೆ ನಾನು ಬೆಲೆ ತೆತ್ತವನು. ಸರಿಯಾಗಿ ಹೇಳಬೇಕೆಂದರೆ, ನನ್ನ ಬದಲು ಇನ್ನೊಬ್ಬರು ತೆತ್ತರು. ಪೆಟ್ಟಿಗೆಗಳ ಇಂಗ್ಲಿಷ್ ಚೀಟಿಗಳನ್ನು ಓದಿ ತಿದ್ದುವುದು ಅಲ್ಲಿ ನನ್ನ ಕೆಲಸವಾಗಿತ್ತು. ಒಂದು ದಿನ ಸಭೆಯಲ್ಲಿ, ನಮ್ಮ ದೇಶಕ್ಕೇ ಬರಬೇಕಾಗಿದ್ದ ಸರಕಿನ ಚೀಟಿಯನ್ನು ಎಲ್ಲರಿಗೂ ತೋರಿಸಿದರು. ಅದರ ಮೇಲೆ ೩೮೦ ವೋಲ್ಟ್ ಎಂದಿತ್ತು. ಅದು ಚೀನದ ಮೂರು ಫೇಸಿನ ಲೆಕ್ಕ. ನಮ್ಮವರು ಕೇಳಿದ್ದು ೪೧೫. ಆ ಕೋಣೆಯಲ್ಲಿ ಇದು ಥಟ್ಟನೆ ಕಣ್ಣಿಗೆ ಬೀಳಬೇಕಾದವನು ನಾನೊಬ್ಬನೇ, ಬಿದ್ದಿತು ಕೂಡ. ಹೊರಡುವ ಮುಂಚೆ ನಾನೂ ಇಂಥದೇ ಒಂದು ಉಪನ್ಯಾಸ ಕೇಳಿ ಹೋಗಿದ್ದೆನಲ್ಲ! ಚೀಟಿ ಬರೆದ ಹುಡುಗಿ ಎದುರಿಗೇ ಕುಳಿತಿದ್ದಳು. ಅವಳ ಮುಖ, ಮುಖ್ಯಸ್ಥನ ಮುಖ ಎಂದು ಲೆಕ್ಕ ಹಾಕುತ್ತ ಸುಮ್ಮನಾದೆ. ಇನ್ನೂರು ಪೆಟ್ಟಿಗೆಗಳಿಗೆ ಚೀಟಿ ಅಂಟಿತು. ಸರಕು ಹೊರಡುವ ಮುನ್ನ ಕೊಳ್ಳುವವರ ಕಡೆಯ ಪರೀಕ್ಷಕರು ಹಿಡಿದರು. ಎಲ್ಲವನ್ನೂ ಕಿತ್ತು ಮತ್ತೆ ಮಾಡಬೇಕಾಯಿತು. ಹುಡುಗಿಯ ಆ ತಿಂಗಳ ಬೋನಸ್ಸು ಹೋಯಿತು. ನಾನು ಮಾಂಸ ತಿನ್ನುವುದಿಲ್ಲವೆಂದು, ಊಟದ ಮನೆಯಲ್ಲಿ ದಿನವೂ ತನ್ನ ತಟ್ಟೆಯ ಸೊಪ್ಪನ್ನೂ ತೋಫುವನ್ನೂ ನನ್ನ ಕಡೆ ಸರಿಸುತ್ತಿದ್ದವಳು ಅವಳು.

ಕೆಲಸ ಕಲಿಸುವ ಹಿರಿಯನನ್ನು ಅಲ್ಲಿ ‘ಶೀಫು’ ಎನ್ನುತ್ತಾರೆ. ನಮ್ಮ ಮೇಸ್ತ್ರಿ ಎಂದುಕೊಳ್ಳಿ. ನನ್ನ ಶೀಫುವಿಗೆ ನಡೆದದ್ದನ್ನು ಒಪ್ಪಿಸಿದೆ. ಆತ ಚಹದ ಲೋಟದ ಮುಚ್ಚಳ ತಿರುಗಿಸುತ್ತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. “ಸಭೆಯಲ್ಲಿ ಹೇಳಬೇಡ ಎಂದರೆ ಹೇಳಲೇಬೇಡ ಎಂದು ಅರ್ಥವೆ? ಊಟಕ್ಕೆ ಹೋಗುವ ದಾರಿಯಲ್ಲಿ ಅವಳ ಕಿವಿಗೆ ಒಂದು ಮಾತು ಹಾಕಿದ್ದರೆ ಅವಳ ಮುಖವೂ ಉಳಿಯುತ್ತಿತ್ತು, ದುಡ್ಡೂ ಉಳಿಯುತ್ತಿತ್ತು. ನೀನು ಉಳಿಸಿದ್ದು ನಿನ್ನ ಮುಖವನ್ನು” ಎಂದ.

ಇದು ನಮಗೆ ತಿಳಿಯದ ವಿದ್ಯೆಯೆ? ನೆಂಟನ ತಪ್ಪನ್ನು ಪಂಕ್ತಿಯಲ್ಲಿ ಎತ್ತಬಾರದು, ಹಿತ್ತಲಿಗೆ ಕರೆದು ಹೇಳಬೇಕೆಂದು ನಮ್ಮ ಅಜ್ಜಿಯರಿಗೆ ಯಾವ ಉಪನ್ಯಾಸಕರೂ ಕಲಿಸಿರಲಿಲ್ಲ. ಮುಖ ನೋಡಿ ಮಣೆ ಹಾಕು ಎಂಬ ಗಾದೆ ಕಟ್ಟಿದವರು ನಾವು. ಮುಖ ಕೊಟ್ಟು ಮಾತಾಡುವುದು, ಮುಖ ಮುರಿಯುವುದು, ಯಾವ ಮುಖ ಹೊತ್ತು ಹೋಗಲಿ ಎಂದು ಅಳುವುದು, ಇವೆಲ್ಲ ಅಪ್ಪಟ ಕನ್ನಡ. ಹಾಗಿದ್ದೂ ಮುಖವೆಂಬುದು ಚೀನದ ಗುಟ್ಟೆಂದು ದುಡ್ಡು ಕೊಟ್ಟು ಕೇಳುತ್ತೇವೆ! ಈ ಸರಕು ಬಂದದ್ದಾದರೂ ಎಲ್ಲಿಂದ? ಅಮೆರಿಕದ ಪಾದ್ರಿ ಆರ್ಥರ್ ಸ್ಮಿತ್ ಎಂಬಾತ ಚೀನೀಯರ ಸ್ವಭಾವಗಳ ಮೇಲೆ ಬರೆದು, ೧೮೯೪ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕದ ಮೊದಲ ಅಧ್ಯಾಯವೇ ‘ಮುಖ’. ಚೀನದ ಮಹಾಲೇಖಕ ಲೂ ಷುನ್ ೧೯೩೪ರಲ್ಲಿ ಇದೇ ವಿಷಯದ ಮೇಲೆ ಒಂದು ಚುರುಕಾದ ಪ್ರಬಂಧ ಬರೆದ. ತನ್ನ ಜನರನ್ನೂ ಗೇಲಿ ಮಾಡಿದ, ಮುಖವನ್ನು ಸಂಶೋಧಿಸಹೊರಟ ವಿದೇಶೀಯರನ್ನೂ ಬಿಡಲಿಲ್ಲ. ಲೂ ಷುನನನ್ನು ಬಿಟ್ಟು ಪಾದ್ರಿಯ ಮಾತನ್ನೇ ನಾವು ಇಂದಿಗೂ ಒಪ್ಪಿಸುತ್ತಿದ್ದೇವೆ.

ಎರಡನೆಯ ಸೂತ್ರಕ್ಕೆ ಹೆಚ್ಚು ಮಾತು ಬೇಡ. ಚೀನೀಯರು ‘ಗ್ವಾನ್‌ಶಿ’ ಎಂದರೆ ನಾವು ವಶೀಲಿ ಎನ್ನುತ್ತೇವೆ. ‘ಒಳಗೆ ನಮ್ಮ ಕಡೆಯವರು ಯಾರಾದರೂ ಇದ್ದಾರೆಯೆ?’ ಎಂದು ವಿಚಾರಿಸದೆ ನಮ್ಮಲ್ಲಿ ಯಾರು ಕಚೇರಿಯ ಮೆಟ್ಟಿಲು ಹತ್ತುತ್ತಾರೆ? ಇದನ್ನು ಕಲಿಯಲು ಹಿಮಾಲಯ ದಾಟಬೇಕಾಗಿಲ್ಲ.

ಮೂರನೆಯ ಸೂತ್ರವೇ ನಿಜವಾಗಿ ಅಪಾಯದ್ದು. ಮೊದಲೆರಡು ಅಜ್ಞಾನ, ಇದರಲ್ಲಿ ಸ್ವಾರ್ಥವಿದೆ. ನಮ್ಮ ಕಾರ್ಖಾನೆಯ ಕಚೇರಿಯಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಯುತ್ತಿತ್ತು. ಆದರೆ ಯಾರೂ ಏಳುತ್ತಿರಲಿಲ್ಲ. ಒಬ್ಬ ಕೂಡಿದ ಲೆಕ್ಕವನ್ನೇ ಮತ್ತೆ ಕೂಡುತ್ತಿದ್ದ. ಇನ್ನೊಬ್ಬಳು ಮೇಜಿನ ಕೆಳಗೆ ಫೋನು ಹಿಡಿದು ಮಗುವಿನ ಪಾಠ ನೋಡುತ್ತಿದ್ದಳು. ವಿಭಾಗದ ಮುಖ್ಯಸ್ಥ ಗಾಜಿನ ಕೋಣೆಯಲ್ಲಿರುವವರೆಗೆ ಹೀಗೆ. ಎಂಟೂವರೆಗೆ ಆತ ಕೋಟು ತೊಟ್ಟು ಹೊರಟನೋ, ಐದೇ ನಿಮಿಷದಲ್ಲಿ ಕುರ್ಚಿಗಳೆಲ್ಲ ಖಾಲಿ. ಕನ್‌ಫ್ಯೂಷಿಯಸ್ ಅಲ್ಲಿರಲಿಲ್ಲ, ಮುಖ್ಯಸ್ಥನಿದ್ದ.

ಚೀನದ ಕಾನೂನು ಏನು ಹೇಳುತ್ತದೆ? ೧೯೯೫ರಲ್ಲಿ ಜಾರಿಗೆ ಬಂದ ಅದರ ಕಾರ್ಮಿಕ ಕಾನೂನು ದಿನಕ್ಕೆ ೮ ಗಂಟೆ, ವಾರಕ್ಕೆ ೪೪ ಗಂಟೆಯ ಮಿತಿ ಹಾಕಿತು. ಅದೇ ವರ್ಷ ಸರ್ಕಾರ ಅದನ್ನು ವಾರಕ್ಕೆ ೪೦ಕ್ಕೆ ಇಳಿಸಿತು. ಹೆಚ್ಚುವರಿ ದುಡಿಮೆ ತಿಂಗಳಿಗೆ ೩೬ ಗಂಟೆ ಮೀರುವಂತಿಲ್ಲ. ಹಾಗಿದ್ದೂ ಬೆಳಗಿನ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ಎಂಬ ‘೯೯೬’ ಪದ್ಧತಿ ದೊಡ್ಡ ಕಂಪನಿಗಳಲ್ಲಿ ಬೇರುಬಿಟ್ಟಿತು. ಇದು ಜನರ ರಕ್ತದಲ್ಲಿದ್ದರೆ ಜನರು ಸುಮ್ಮನಿರಬೇಕಾಗಿತ್ತು. ಇರಲಿಲ್ಲ. ನಾನು ಅಲ್ಲಿದ್ದಾಗಲೇ, ೨೦೧೯ರ ಮಾರ್ಚಿಯಲ್ಲಿ, ಅಲ್ಲಿನ ಕಂಪ್ಯೂಟರ್ ಕೆಲಸಗಾರರು ‘೯೯೬ ಐಸಿಯು’ ಎಂಬ ಹೆಸರಿನಲ್ಲಿ ಅಂತರಜಾಲದ ಮೇಲೆ ಪ್ರತಿಭಟನೆ ಎಬ್ಬಿಸಿದರು. ಹೀಗೆ ದುಡಿದವನು ಸೇರುವುದು ಆಸ್ಪತ್ರೆಯ ಆ ಕೋಣೆಯನ್ನೇ ಎಂಬುದು ಅದರ ಅರ್ಥ. ಮರುತಿಂಗಳೇ, ಅದೇ ಹಾಂಗ್‌ಝೌನ ಕೋಟ್ಯಧೀಶ, ಅಲಿಬಾಬಾದ ಜ್ಯಾಕ್ ಮಾ, ೯೯೬ ಎಂಬುದು ಭಾಗ್ಯವೆಂದ. ೨೦೨೧ರ ಆಗಸ್ಟಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಮತ್ತು ಕಾರ್ಮಿಕ ಸಚಿವಾಲಯ ಜೊತೆಗೂಡಿ ಈ ಪದ್ಧತಿ ಕಾನೂನಿಗೆ ವಿರುದ್ಧವೆಂದು ಸಾರಿದವು. ೯೯೬ಕ್ಕೆ ಒಪ್ಪದೆ ಕೆಲಸ ಕಳೆದುಕೊಂಡ ಒಬ್ಬ ಕೊರಿಯರ್ ಕಂಪನಿ ನೌಕರನಿಗೆ ೮,೦೦೦ ಯುವಾನ್ ಪರಿಹಾರ ದೊರೆತ ಪ್ರಕರಣವನ್ನು ಮಾದರಿಯಾಗಿ ಪ್ರಕಟಿಸಿದವು. ಪದ್ಧತಿ ಅಷ್ಟಕ್ಕೇ ಅಳಿಯಿತೆಂದು ನಾನು ಹೇಳುವುದಿಲ್ಲ. ಆದರೆ ಯಾವುದನ್ನು ಅಲ್ಲಿನ ದುಡಿಯುವವರು ಬೈದರೋ, ಯಾವುದನ್ನು ಅಲ್ಲಿನ ನ್ಯಾಯಾಲಯ ತಪ್ಪೆಂದಿತೋ, ಅದನ್ನು ‘ಚೀನೀಯರ ಸಂಸ್ಕೃತಿ’ ಎಂದು ನಾವು ಇಲ್ಲಿ ಪೂಜಿಸುವುದೆ?

ಪೂಜಿಸುತ್ತಿದ್ದೇವೆ. ೨೦೨೩ರ ಅಕ್ಟೋಬರಿನಲ್ಲಿ ನಮ್ಮ ಎನ್. ಆರ್. ನಾರಾಯಣಮೂರ್ತಿಯವರು ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದರು. ೨೦೨೫ರಲ್ಲಿ ಚೀನದ ೯೯೬ನ್ನೇ ಮೇಲ್ಪಂಕ್ತಿಯಾಗಿ ಎತ್ತಿ ಹೇಳಿದರು. ಮೂರ್ತಿಯವರು ದೊಡ್ಡವರು, ಕಂಪನಿ ಕಟ್ಟಿದವರು, ತಾವೂ ಹಾಗೆ ದುಡಿದವರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ತನ್ನ ಕಂಪನಿಗಾಗಿ ತಾನು ದುಡಿಯುವುದಕ್ಕೂ, ಸಂಬಳದ ಹುಡುಗ ಇನ್ನೊಬ್ಬರ ಕಂಪನಿಗಾಗಿ ದುಡಿಯುವುದಕ್ಕೂ ಇರುವ ಅಂತರ ಗಂಟೆಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಯಜಮಾನ ಬೇಡಿದ್ದು ಚೀನದಲ್ಲಿ ಭಾಗ್ಯವಾಯಿತು, ನಮ್ಮಲ್ಲಿ ದೇಶಸೇವೆಯಾಯಿತು. ಹೆಸರು ಬೇರೆ, ಕೇಳಿದ್ದು ಒಂದೇ.

‘ಹಾಗಾದರೆ ಚೀನ ಮುಂದೆ ಬಂದದ್ದು ಹೇಗೆ?’ ಎಂದು ಕೇಳುವವರುಂಟು. ದುಡಿಮೆಯಿಂದ, ಅಲ್ಲವೆನ್ನಲಾರೆ. ಆದರೆ ನಾನು ಕಂಡದ್ದನ್ನೂ ಕೇಳಿ. ಒಂದು ಕಾಂಟ್ಯಾಕ್ಟರ್ ಕಡಮೆ ಬಿದ್ದರೆ ಮರುದಿನ ಬರುತ್ತಿತ್ತು. ಏಕೆಂದರೆ, ಇಂಥ ಸ್ವಿಚ್ಚುಗಳಿಗೆಂದೇ ಹೆಸರಾದ ಲ್ಯೂಶೀ ಪಟ್ಟಣ ಅದೇ ಪ್ರಾಂತ್ಯದಲ್ಲಿ, ವೆನ್‌ಝೌ ಕಡೆ ಇದೆ. ಊರಿಗೆ ಊರೇ ಆ ಕಸುಬಿನದು. ಕೆಲಸಗಾರನ ಮಲಗುವ ಕೋಣೆ ಕಾರ್ಖಾನೆಯಿಂದ ಹತ್ತು ನಿಮಿಷದ ನಡಿಗೆ. ಬೆಂಗಳೂರಿನ ನಮ್ಮ ಹುಡುಗ ದಿನಕ್ಕೆ ಮೂರು ಗಂಟೆ ಸಿಲ್ಕ್ ಬೋರ್ಡಿನ ವಾಹನಸಾಲಿನಲ್ಲಿ ಕಳೆದು, ಆ ಮೇಲೆ ಎಪ್ಪತ್ತು ಗಂಟೆ ದುಡಿಯಬೇಕಂತೆ! ಶೀಫು ತನ್ನ ಕೈಕೆಲಸ ಬಿಟ್ಟು ಅರ್ಧ ಗಂಟೆ ನನಗೆ ಒಂದು ತಂತಿ ಜೋಡಿಸುವುದನ್ನು ಕಲಿಸುತ್ತಿದ್ದ. ಅದು ತನ್ನ ಘನತೆಗೆ ಕಡಮೆಯೆಂದು ಎಣಿಸಲಿಲ್ಲ. ಹನ್ನೆರಡು ಹೊಡೆದರೆ ಎಲ್ಲರೂ ಒಟ್ಟಿಗೆ ಉಂಡು, ದೀಪ ಆರಿಸಿ, ಮೇಜಿನ ಪಕ್ಕ ಮಡಚುವ ಮಂಚ ಹಾಸಿ ನಿದ್ದೆ. ಮುಖ್ಯಸ್ಥನೂ ನಿದ್ದೆ. ಆ ದೇಶದ ಸಂವಿಧಾನದ ೪೩ನೆಯ ವಿಧಿ ದುಡಿಯುವವರಿಗೆ ವಿಶ್ರಾಂತಿಯ ಹಕ್ಕಿದೆಯೆಂದು ಹೇಳುತ್ತದೆ. ಚೀನವನ್ನು ನೋಡಿ ಕಲಿಯಿರಿ ಎನ್ನುವ ನಮ್ಮ ಉದ್ಯಮಿಗಳಲ್ಲಿ ಒಬ್ಬರಾದರೂ ಈ ಮಧ್ಯಾಹ್ನದ ನಿದ್ದೆಯನ್ನು ಕಲಿಯಿರಿ ಎಂದದ್ದುಂಟೆ? ಆಯ್ದುಕೊಂಡು ಕಲಿಯುವುದರಲ್ಲಿ ನಾವು ಬಲು ಜಾಣರು. ಆಯ್ಕೆ ಮಾಡುವವನು ಯಜಮಾನ, ಕಲಿಯಬೇಕಾದವನು ಆಳು.

ಉಪನ್ಯಾಸ ಮುಗಿದ ಮೇಲೆ ಬಸ್ಸಿನಲ್ಲಿ ಚಿಕ್ಕಪ್ಪನ ಮಗ ಕೇಳಿದ: “ಅಣ್ಣಾ, ಹಾಗಾದರೆ ಏನು ಬರೆದುಕೊಳ್ಳಲಿ?” ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಕೆಲಸಕ್ಕೆ ಸೇರುವ ಮೊದಲು ಪರವಾನಗಿಯ ಮೇಲೆ ಬರೆಸಿಕೋ. ತಪ್ಪು ಕಂಡರೆ ಹೇಳು. ಎಲ್ಲಿ, ಯಾರ ಕಿವಿಗೆ ಎಂಬುದನ್ನು ಮಾತ್ರ ನಿನ್ನ ಅಜ್ಜಿಯಂತೆ ಯೋಚಿಸಿ ಹೇಳು. ಅವರಲ್ಲಿ ಹಳೆಯ ತಲೆಯವರು ಎದುರಾದಾಗ ‘ಚಿ ಲ ಮಾ’ ಎನ್ನುತ್ತಾರೆ. ಅಂದರೆ ‘ಊಟ ಆಯ್ತಾ?’ ಎಂದೇ. ಆಯ್ತು ಎನ್ನು, ನೀನೂ ಕೇಳು; ಅಲ್ಲಿಂದ ಮುಂದಿನದು ತಾನಾಗಿ ಬರುತ್ತದೆ. ಸಂಜೆ ಆರರ ಮೇಲೂ ಜನ ಕುಳಿತಿದ್ದರೆ, ಅವರ ಪುರಾಣ ಪೂರ್ವೋತ್ತರ ಹುಡುಕಲು ಹೋಗಬೇಡ. ಅವರನ್ನು ಯಾರು ಕೂರಿಸಿದ್ದಾರೆಂದು ನೋಡು.

ಹುಡುಗಿಯ ಬೋನಸ್ಸಿನ ಹಣವನ್ನು ನಾನು ಕೊಡಲು ಹೋದೆ, ಅವಳು ತೆಗೆದುಕೊಳ್ಳಲಿಲ್ಲ. ಮರುದಿನವೂ ತಟ್ಟೆಯ ಸೊಪ್ಪನ್ನು ನನ್ನ ಕಡೆ ಸರಿಸಿದಳು. ಅವಳಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಅಂಕೆ. ಅದನ್ನು ಹೇಳದಂತೆ ನನ್ನ ಬಾಯಿ ಕಟ್ಟಿದ್ದು ಚೀನೀಯರ ಸಂಸ್ಕೃತಿಯಲ್ಲ. ಅವರ ಸಂಸ್ಕೃತಿಯ ಬಗ್ಗೆ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕೇಳಿದ ಪಾಠ.