ಎಣ್ಣೆಯನ್ನು ತಿನ್ನುವ ಜೀವಾಣುಗಳು

2017ನೆಯ ಇಸವಿ ಜನವರಿ 28ರಂದು ಚೆನ್ನೈಗೆ ಸಮೀಪದ ಎಣ್ಣೂರಿನ ಬಳಿ ಎರಡು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕರಿಯ ಇಂಧನತೈಲವು ಸಮುದ್ರವನ್ನು ಸೇರಿದುದನ್ನೂ, ಬೆಸ್ತರೂ ವಿದ್ಯಾರ್ಥಿಗಳೂ ಅದನ್ನು ಬಕೇಟುಗಳಿಂದ ಮೊಗೆದುದನ್ನೂ ವಾಚಕರು ಮರೆತಿರಲಾರರು. ಹಾಗೆ ಮೊಗೆದ ರಾಡಿಯ ಗತಿ ಏನಾಯಿತೆಂಬುದು ಮಾತ್ರ ಬಹುಮಂದಿಗೆ ತಿಳಿಯದು. ಅದನ್ನು ಗುಂಡಿಗಳಲ್ಲಿ ಹರಡಿ, ಎಣ್ಣೆಯೇ ಆಹಾರವಾಗಿ ಉಳ್ಳ ಬ್ಯಾಕ್ಟೀರಿಯಾ ಎಂಬ ಜೀವಾಣುಗಳನ್ನು ಅದರಲ್ಲಿ ಬೆರೆಸಲಾಯಿತು.

ಇದರಲ್ಲಿ ಮಾಯಾಮಂತ್ರವೇನೂ ಇರುವುದಿಲ್ಲ. ಕಲ್ಲೆಣ್ಣೆಯು ಬಹುಮಟ್ಟಿಗೆ ಇಂಗಾಲ ಜಲಜನಕಗಳ ಸಂಯೋಗವಷ್ಟೆ. ಭೂಮಿಯ ಬಿರುಕುಗಳಿಂದ ಅದು ಅನಾದಿಯಿಂದಲೂ ತಾನಾಗಿ ಒಸರುತ್ತ ಬಂದಿರುವುದರಿಂದ, ಅದನ್ನು ತಿಂದು ಬದುಕತಕ್ಕ ಜೀವಾಣುಗಳೂ ಮಣ್ಣಿನಲ್ಲಿ ನೆಲೆಸಿವೆ. ಅವು ಆಮ್ಲಜನಕದ ಸಹಾಯದಿಂದ ಎಣ್ಣೆಯನ್ನು ಮುರಿದು ಕಟ್ಟಕಡೆಗೆ ಇಂಗಾಲಾಮ್ಲ ವಾಯುವನ್ನೂ ನೀರನ್ನೂ ಉಳಿಸುವುವು. ದಿಲ್ಲಿಯ ಟೆರಿ ಸಂಸ್ಥೆಯ ವಿಜ್ಞಾನಿಗಳು ಇಂಥ ಹಲವು ಜಾತಿಗಳನ್ನು ಕೂಡಿಸಿ, ಮುಸುಕಿನ ಜೋಳದ ದಿಂಡಿನ ಪುಡಿಯಲ್ಲಿ ನಿಲ್ಲಿಸಿ, ಪೊಟ್ಟಣ ಕಟ್ಟಿ, ‘ಆಯಿಲ್‌ಜ್ಯಾಪರ್’ ಎಂಬ ಹೆಸರಿನಿಂದ ಎಣ್ಣೆಬಾವಿಗಳಿಗೂ ಶುದ್ಧೀಕರಣಾಗಾರಗಳಿಗೂ ಒದಗಿಸಿರುತ್ತಾರೆ. ನಮ್ಮವರ ಈ ಸಾಧನೆಯು ಶ್ಲಾಘ್ಯವೇ ಸರಿ.

ಆದಾಗ್ಯೂ ನಮಗೊಂದು ಶಂಕೆಯುಂಟು. ಪೊಟ್ಟಣವನ್ನು ಬಿಚ್ಚಿ ಎರಚಿದೊಡನೆಯೇ ನೆಲವು ಶುದ್ಧವಾಯಿತೆಂದು ಕಡತವನ್ನು ಕಟ್ಟಿಡುವ ಅಭ್ಯಾಸವು ಅಧಿಕಾರಿವರ್ಗದಲ್ಲಿ ಬೇರೂರಬಾರದು. ಕೇವಲ ಎಣ್ಣೆಯಿಂದ ಯಾವ ಜೀವಾಣುವೂ ಬದುಕಲಾರದು. ಅದಕ್ಕೆ ಸಾರಜನಕ, ರಂಜಕಗಳನ್ನುಳ್ಳ ಗೊಬ್ಬರ ಬೇಕು, ತೇವ ಬೇಕು. ಮಣ್ಣನ್ನು ಮತ್ತೆ ಮತ್ತೆ ಉತ್ತು ಗಾಳಿಯಾಡಿಸಬೇಕು. ತೆಳುವಾದ ಎಣ್ಣೆಯು ಬೇಗ ಕರಗೀತು. ಡಾಂಬರಿನಂಥ ಗಟ್ಟಿಯ ಭಾಗವು ವರ್ಷಗಟ್ಟಲೆ ಉಳಿಯುವುದು. ಎಣ್ಣೆಯೊಡನೆ ಬಂದ ಲೋಹಗಳನ್ನಂತೂ ಯಾವ ಜೀವಾಣುವೂ ತಿಂದು ಇಲ್ಲವೆನಿಸಲಾರದು. ಅಮೆರಿಕದ ಅಲಾಸ್ಕದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಒಡೆದು ಎಣ್ಣೆ ಹರಿದಾಗ, ದಡಗಳಿಗೆ ಗೊಬ್ಬರವನ್ನು ಚಿಮುಕಿಸಿದುದರಿಂದ ಅಲ್ಲಿಯವೇ ಆದ ಜೀವಾಣುಗಳು ಚುರುಕಾದುದು ನಿಜ. ಆದರೆ ಕಲ್ಲುಗಳ ಕೆಳಗೆ, ಗಾಳಿ ಹೋಗದ ಕಡೆಗಳಲ್ಲಿ, ಇಪ್ಪತ್ತು ವರ್ಷಗಳ ತರುವಾಯವೂ ಆ ಎಣ್ಣೆಯು ಹಾಗೆಯೇ ಸಿಕ್ಕಿತು.

(ಪೇಟೆಯ ಮೋಟಾರು ಗ್ಯಾರೇಜುಗಳವರು ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯುತ್ತಿದ್ದರೂ ನೋಡದಂತೆ ಸಾಗುವ ಪುರಸಭೆಯವರಿಗೆ ಈ ಜೀವಾಣುಗಳಲ್ಲಿ ಅಪಾರವಾದ ಭಕ್ತಿಯಿರಬೇಕು!)

ಎಣ್ಣೂರಿನವರ ಕಷ್ಟವು 2017ಕ್ಕೇ ಮುಗಿಯಲಿಲ್ಲ. 2023ರ ಡಿಸೆಂಬರಿನ ಚಂಡಮಾರುತದ ಪ್ರವಾಹದೊಡನೆ ಎಣ್ಣೆಯು ಪುನಃ ಅಲ್ಲಿಯ ಅಳಿವೆಗೆ ನುಗ್ಗಿ, ಬಲೆಗಳನ್ನೂ ದೋಣಿಗಳನ್ನೂ ಕಪ್ಪಾಗಿಸಿತು. ಇಂಥ ಪ್ರಸಂಗಗಳಲ್ಲಿ ಎಣ್ಣೆಯ ಒಡೆಯರೇ ನೆಲವನ್ನು ಶುದ್ಧಿಮಾಡಿ, ಶುದ್ಧವಾಯಿತೆಂದು ತಾವೇ ಪ್ರಮಾಣಪತ್ರ ಬರೆದುಕೊಳ್ಳುವುದು ನ್ಯಾಯವಲ್ಲ. ಜೀವಾಣುಗಳನ್ನು ಬೆರೆಸುವುದಕ್ಕೆ ಮುಂಚೆಯೂ ಆಮೇಲೆಯೂ ಮಣ್ಣಿನಲ್ಲಿ ಎಣ್ಣೆ ಎಷ್ಟಿತ್ತೆಂಬುದನ್ನು ಬೇರೆಯವರು ಅಳೆಯಬೇಕು. ಆ ಅಂಕಿಗಳನ್ನು ಸ್ಥಳದ ಜನರ ಭಾಷೆಯಲ್ಲಿಯೇ ಪ್ರಕಟಿಸಬೇಕು. ಅಳತೆ ಮುಗಿಯಲಿಲ್ಲವೆಂಬ ನೆಪದಿಂದ ಬೆಸ್ತರ ಪರಿಹಾರವನ್ನು ಒಂದು ದಿನವೂ ತಡೆಯಕೂಡದೆಂದು ಸರ್ಕಾರದವರನ್ನು ಆಗ್ರಹಪಡಿಸುತ್ತೇವೆ.