ಮಾಹಿತಿ ರಕ್ಷಣೆಯ ಉದ್ಯೋಗವೂ ನಮ್ಮ ವಿದ್ಯಾರ್ಥಿಗಳೂ

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಕೂಡಲೆ ಪೇಟೆಯ ಬೀದಿಗಳಲ್ಲಿ ಹೊಸ ಬೋರ್ಡುಗಳು ಏಳುವುದು ಈಚೆಗೆ ವಾಡಿಕೆಯಾಗಿದೆ. ಕೆಲವೇ ತಿಂಗಳುಗಳಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ಸೈಬರ್ ಸೆಕ್ಯುರಿಟಿಯಲ್ಲಿ ಪ್ರವೀಣರನ್ನಾಗಿ ಮಾಡಿಕೊಡುವೆವೆಂದು ಅವು ಸಾರುತ್ತವೆ. ಸಾಲ ಮಾಡಿಯಾದರೂ ಶುಲ್ಕ ತೆರಲು ಸಿದ್ಧರಾದ ತಂದೆತಾಯಿಗಳು, ಈ ಉದ್ಯೋಗಕ್ಕೆ ಹೋಗತಕ್ಕವರು ನಿಜವಾಗಿ ಕಲಿಯಬೇಕಾದುದೇನೆಂಬುದನ್ನು ಯಾರನ್ನು ಕೇಳಬೇಕು? ಶುಲ್ಕ ಪಡೆಯುವವರನ್ನೇ ಕೇಳುವುದಕ್ಕಿಂತ, ಆಗಿಹೋದ ಒಂದು ಅನಾಹುತವನ್ನು ವಿಚಾರಿಸಿ ನೋಡುವುದು ಲೇಸೆಂದು ನಮಗೆ ತೋರುತ್ತದೆ.

ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್ ಎಂಬ ಕಂಪೆನಿಯುಂಟು. ಜನರು ಸಾಲ ತೀರಿಸುವ ಬಗೆಯನ್ನು ಲೆಕ್ಕವಿಟ್ಟು ಬ್ಯಾಂಕುಗಳಿಗೆ ತಿಳಿಸುವುದು ಅದರ ವ್ಯಾಪಾರ. 2017ರಲ್ಲಿ ಅಲ್ಲಿಂದ ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳು ಕಳವಾದುವು. ಇದು ನಡೆದ ರೀತಿಯನ್ನು ಕೇಳಿದವರು ವಿಸ್ಮಯಪಡುವರಲ್ಲದೆ ಮತ್ತೇನು ಮಾಡಿಯಾರು! ಆ ಕಂಪೆನಿಯ ಜಾಲತಾಣವೊಂದು ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶವನ್ನು ಅವಲಂಬಿಸಿತ್ತು. ಅದರಲ್ಲಿ ದೋಷವಿದೆಯೆಂದೂ, ದೋಷಕ್ಕೆ ತೇಪೆ ಸಿದ್ಧವಾಗಿದೆಯೆಂದೂ ಆ ವರ್ಷದ ಮಾರ್ಚಿಯಲ್ಲಿಯೇ ಲೋಕಕ್ಕೆಲ್ಲ ಪ್ರಕಟವಾಗಿತ್ತು. ತೇಪೆ ಹಾಕಬೇಕೆಂದು ಕಂಪೆನಿಯೊಳಗೆ ಸೂಚನೆಯೂ ಹೊರಟಿತು. ಆದರೆ ಯಾವ ತಂತ್ರಾಂಶ ಯಾವ ಯಂತ್ರದಲ್ಲಿದೆಯೆಂಬುದರ ಪೂರ್ಣವಾದ ಪಟ್ಟಿಯೇ ಅವರಲ್ಲಿರಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಒಳಹೊಕ್ಕರು. ಬೇರೆ ಕೋಠಿಗಳನ್ನು ತೆರೆಯುವ ಪಾಸ್‌ವರ್ಡುಗಳು ಯಾವ ಗೂಢಲಿಪಿಯೂ ಇಲ್ಲದೆ ಅಲ್ಲಿಯೇ ಅವರ ಕೈಗೆ ಸಿಕ್ಕಿದುವು. ಜಾಲದಲ್ಲಿ ಹೋಗಿಬರುವುದನ್ನು ತಪಾಸಣೆ ಮಾಡುವ ಉಪಕರಣವೊಂದಿತ್ತು, ನಿಜ. ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಎಷ್ಟೋ ತಿಂಗಳ ಹಿಂದೆಯೇ ತೀರಿಹೋಗಿ ಅದು ಕುರುಡಾಗಿ ಕುಳಿತಿತ್ತು. ಜುಲೈ ಕೊನೆಯಲ್ಲಿ ಹೊಸ ಪ್ರಮಾಣಪತ್ರವನ್ನು ಹಾಕಿದೊಡನೆಯೇ ಕಳವು ಕಣ್ಣಿಗೆ ಬಿತ್ತು. ಕಾವಲುಗಾರನಿದ್ದನು, ಕಂದೀಲಿನಲ್ಲಿ ಎಣ್ಣೆಯಿರಲಿಲ್ಲ. 2020ರಲ್ಲಿ ಅಮೆರಿಕದ ಸರ್ಕಾರದವರು ಚೀನಾ ಸೈನ್ಯದ ನಾಲ್ವರ ಮೇಲೆ ಈ ಕಳವಿನ ಆರೋಪವನ್ನು ಹೊರಿಸಿದರು. ಬಂದವರು ಯಾರೇ ಆಗಲಿ, ಬಾಗಿಲು ಮಾತ್ರ ತೆರೆದೇ ಇತ್ತು.

ಇಲ್ಲಿ ಕೆಟ್ಟುಹೋದುವೆಲ್ಲವೂ ನಿತ್ಯದ ಕೆಲಸಗಳೆಂಬುದನ್ನು ವಾಚಕರು ಗಮನಿಸಬೇಕು. ಆದುದರಿಂದ ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು ಭೇದಿಸುವ ಚಮತ್ಕಾರವಲ್ಲ, ಯಂತ್ರವು ನಡೆಯುವ ಕ್ರಮ. ಜಾಲತಾಣದ ಹೆಸರನ್ನು ಒತ್ತಿದೊಡನೆ ಆ ಹೆಸರು ಸಂಖ್ಯೆಯಾಗುವುದು ಹೇಗೆ, ಸಂದೇಶವು ತುಂಡುತುಂಡಾಗಿ ಹೊರಟು ಮತ್ತೆ ಒಂದುಗೂಡುವುದು ಹೇಗೆ, ಪ್ರಮಾಣಪತ್ರವು ಯಾರ ಭರವಸೆಯ ಮೇಲೆ ನಿಂತಿದೆ, ಇವನ್ನು ತನ್ನ ಯಂತ್ರದಲ್ಲಿಯೇ ವೈರ್‌ಶಾರ್ಕ್ ಎಂಬ ಉಪಕರಣದಿಂದ ಕಣ್ಣಾರೆ ನೋಡಬೇಕು. ಲಿನಕ್ಸಿನಲ್ಲಿ ಯಾವ ಕಡತಕ್ಕೆ ಯಾರಿಗೆ ಅಧಿಕಾರ, ನಡೆದುದೆಲ್ಲ ಎಲ್ಲಿ ದಾಖಲಾಗುತ್ತದೆ ಎಂಬುದು ಬೆರಳ ತುದಿಯಲ್ಲಿರಬೇಕು. ಪೈಥಾನಿನಲ್ಲಿ ಸಣ್ಣ ಕ್ರಮವಿಧಿಯನ್ನು ಬರೆಯುವಷ್ಟು, ಇತರರು ಬರೆದುದನ್ನು ಓದಿ ತಿಳಿಯುವಷ್ಟು ಸಾಮರ್ಥ್ಯ ಬೇಕು. ಗ್ರಾಹಕನು ತನ್ನ ಹೆಸರೆಂದು ಬರೆದ ಅಕ್ಷರಗಳು ದತ್ತಾಂಶ ಕೋಠಿಗೆ ಆಜ್ಞೆಯಾಗಿ ಪರಿಣಮಿಸುವುದೇಕೆಂದು ವಿವರಿಸಲಾರದವನು ಆ ದೋಷವನ್ನು ತಿದ್ದುವುದು ದೂರದ ಮಾತು. ಇವಿಲ್ಲದೆ ಬರಿಯ ಉಪಕರಣಗಳನ್ನು ಕೊಡುವುದು, ನಾಡಿ ಹಿಡಿಯಲಾರದವನಿಗೆ ಔಷಧದ ಪೆಟ್ಟಿಗೆಯನ್ನು ಒಪ್ಪಿಸಿದಂತೆ.

ಇದಕ್ಕೆ ದೊಡ್ಡ ಶುಲ್ಕವು ಬೇಕಾಗಿಲ್ಲ. ಲಿನಕ್ಸಿಗೆ ಬೆಲೆಯಿಲ್ಲ, ಐಐಟಿಗಳ ಉಪಾಧ್ಯಾಯರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ದೊರೆಯುತ್ತವೆ, ಓವರ್‌ದಿವೈರ್‌ನವರ ಬ್ಯಾಂಡಿಟ್ ಎಂಬ ಅಭ್ಯಾಸದ ಆಟವೂ ಹಾಗೆಯೇ. ಪ್ರಶಸ್ತಿಪತ್ರಗಳನ್ನು ಕೇಳುವ ಯಜಮಾನರಿದ್ದಾರೆ, ಅವು ವ್ಯರ್ಥವೆಂದು ನಾವು ಹೇಳೆವು. ಆದರೆ ಅವು ಬುನಾದಿಯ ಮೇಲೆ ಏರಿಸತಕ್ಕವು.

ಕಾನೂನಿನ ಮಾತನ್ನು ತರುಣರು ಲಘುವಾಗಿ ಎಣಿಸುತ್ತಾರೆ. ಪರೀಕ್ಷಿಸಿ ನೋಡಿದೆನಷ್ಟೆ ಎಂಬ ಸಮಾಧಾನ ನ್ಯಾಯಸ್ಥಾನದಲ್ಲಿ ಸಾಲದು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಮಿನ ಮೇರೆಗೆ, ಒಡೆಯನ ಅಪ್ಪಣೆಯಿಲ್ಲದೆ ಪ್ರವೇಶಿಸಿದವನು ನಷ್ಟವನ್ನು ತುಂಬಿಕೊಡಬೇಕಾದೀತು. ಉದ್ದೇಶವು ವಂಚನೆಯೆಂದಾದರೆ 66ನೆಯ ಕಲಮು 3 ವರ್ಷಗಳವರೆಗೆ ಸೆರೆಯನ್ನೂ 5 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಅಭ್ಯಾಸಕ್ಕೆ ಸ್ವಂತ ಯಂತ್ರವುಂಟು, ಅಭ್ಯಾಸಕ್ಕೆಂದೇ ದೋಷಗಳನ್ನಿಟ್ಟು ಕಟ್ಟಿದ ತಾಣಗಳುಂಟು. ನೆರೆಮನೆಯ ಬೀಗವನ್ನು ಅಲ್ಲಾಡಿಸುವ ಅಗತ್ಯವೇನು?

ಇನ್ನೊಂದು ವಿದ್ಯೆಯನ್ನು ಯಾವ ಬೋರ್ಡೂ ಹೇಳುವುದಿಲ್ಲ: ಬರೆಯುವ ವಿದ್ಯೆ. ಸೈಬರ್ ಅವಘಡಗಳನ್ನು ತಿಳಿದ 6 ಗಂಟೆಗಳೊಳಗಾಗಿ ವರದಿ ಮಾಡತಕ್ಕದ್ದೆಂದು ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲಿನಲ್ಲಿ ನಿರ್ದೇಶವಿತ್ತಿತು. ನಡೆದುದನ್ನು ಕ್ರಮವಾಗಿ ಬರೆಯಲಾರದವನು ಅಂಥ ಗಳಿಗೆಯಲ್ಲಿ ಭಾರವಾಗುವನೇ ಹೊರತು ನೆರವಾಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರಷ್ಟೇ ಸಾಲದು. ನಮ್ಮ ನಾಡಿನಲ್ಲಿ ಫೋನಿನ ಮೋಸಕ್ಕೆ ಸಿಕ್ಕಿ ಪಿಂಚಣಿಯ ಹಣವನ್ನು ಕಳೆದುಕೊಂಡ ವೃದ್ಧನಿಗೆ, ಆದುದೇನೆಂಬುದನ್ನು ತಿಳಿಗನ್ನಡದಲ್ಲಿ ಹೇಳಿ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಿಸಬಲ್ಲ ತರುಣರು ಬ್ಯಾಂಕಿನಲ್ಲಿಯೂ ಠಾಣೆಯಲ್ಲಿಯೂ ಬೇಕಾಗಿದ್ದಾರೆ.

ಕಾಲೇಜುಗಳ ಅಧಿಕಾರಿಗಳು ಹೊರಜಾಲದಿಂದ ಬೇರ್ಪಡಿಸಿದ ಹತ್ತು ಹಳೆಯ ಕಂಪ್ಯೂಟರುಗಳನ್ನು ಸಂಜೆಯ ವೇಳೆ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರೆ, ಬೋರ್ಡಿನ ಅಂಗಡಿಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಮುಚ್ಚಿಯಾವು. ಅಲ್ಲಿಯವರೆಗೆ ತಂದೆತಾಯಿಗಳು ಶುಲ್ಕ ಕಟ್ಟುವುದಕ್ಕೆ ಮುನ್ನ, ಮೊದಲ ತಿಂಗಳಲ್ಲಿ ಏನನ್ನು ಕಲಿಸುವಿರೆಂದು ವಿಚಾರಿಸಲಿ. ಜಾಲದ ಪಾಠವನ್ನೂ ಲಿನಕ್ಸಿನ ಪಾಠವನ್ನೂ ಹೇಳದೆ ಉಪಕರಣಗಳ ಹೆಸರುಗಳನ್ನು ಮಾತ್ರ ಹೇಳಿದರೆ, ಹಣವನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಹಿಂದಿರುಗಲಿ.