ತಕ್ಕಡಿಗೆ ಹಾಕಬೇಡಿ, ಅದು ಯುದ್ಧದ ಸಾಕ್ಷಿ!

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟ್ರಂಕು ಇದೆಯೇ? ಅದರ ತಳಕ್ಕೆ ಅಜ್ಜಿ ಹಾಸಿದ ಪೇಪರಿನ ತಾರೀಖು ಎಂದಾದರೂ ನೋಡಿದ್ದೀರಾ?

ನಾನೂ ನೋಡಿರಲಿಲ್ಲ. ಮನೆ ಖಾಲಿ ಮಾಡುವ ದಿನ ಸೀರೆಗಳನ್ನೆಲ್ಲ ತೆಗೆದಾಗ ತಳದಲ್ಲಿ ಹಳದಿಯಾಗಿ ಮಲಗಿತ್ತು, 1971ರ ಡಿಸೆಂಬರ್ ತಿಂಗಳ ಒಂದು ಕನ್ನಡ ದಿನಪತ್ರಿಕೆ. ಬಾಂಗ್ಲಾ ಯುದ್ಧದ ಪತ್ರಿಕೆ! ಅಟ್ಟದ ಉಳಿದ ಕಟ್ಟುಗಳು ಆ ಹೊತ್ತಿಗೆ ಹಳೇ ಪೇಪರಿನವನ ತಕ್ಕಡಿ ಏರಿ ಹೋಗಿದ್ದವು. ತೂಕಕ್ಕೆ ಹಾಕಿದವನು ಬೇರಾರೂ ಅಲ್ಲ, ನಾನೇ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಪುಸ್ತಕದಲ್ಲಿದೆಯಲ್ಲ, ಹಳೇ ಪೇಪರು ಯಾಕೆ ಎನ್ನುತ್ತೀರಾ? ಪುಸ್ತಕಕ್ಕೆ ಕೊನೆ ಗೊತ್ತಿರುತ್ತದೆ. ಪತ್ರಿಕೆಗೆ ಗೊತ್ತಿರುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಎರಗಿದವು. 16ರಂದು ಢಾಕಾದಲ್ಲಿ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ. ಸುಮಾರು 93,000 ಮಂದಿ ಸೆರೆಯಾದರು. ಪುಸ್ತಕ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತದೆ. ಆದರೆ 10ರ ಬೆಳಿಗ್ಗೆ ಪೇಪರು ಬಿಡಿಸಿದ ನಿಮ್ಮ ತಾತನಿಗೆ ಇನ್ನು ಆರೇ ದಿನ ಎಂದು ಗೊತ್ತಿತ್ತೇ? ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಹೊರಟ ದಿನಗಳವು. ಮುಂದೇನು ಎಂಬ ಆ ಅಳುಕು ಹಾಳೆಯಲ್ಲಿ ಮಾತ್ರ ಉಳಿದಿದೆ. ನನ್ನ ಹಾಳೆಯಲ್ಲಿ ಯುದ್ಧದ ಸುದ್ದಿಯ ಪಕ್ಕದಲ್ಲೇ ಸಿನಿಮಾ ಜಾಹೀರಾತಿದೆ. ಜನ ಹೆದರಿದ್ದರು, ಜನ ಸಿನಿಮಾಕ್ಕೂ ಹೋದರು. ಇದನ್ನು ಯಾವ ಪಠ್ಯಪುಸ್ತಕ ಹೇಳುತ್ತದೆ?

ಪತ್ರಿಕೆ ಹೇಳಿದ್ದೆಲ್ಲ ಸತ್ಯವೇ? ಖಂಡಿತ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಭಾರತ ರಕ್ಷಣಾ ನಿಯಮಗಳ ಕತ್ತರಿ ಪತ್ರಿಕೆಗಳ ಮೇಲೆ ತೂಗುತ್ತಿತ್ತು. ಹೊರದೇಶದಿಂದ ಬರಬೇಕಿದ್ದ ಅಚ್ಚಿನ ಕಾಗದಕ್ಕೂ ಬರ. ಹಾಗಾಗಿ ಆ ಕಾಲದ ಹಾಳೆಯಲ್ಲಿ ಇರುವುದನ್ನಷ್ಟೇ ಅಲ್ಲ, ಇಲ್ಲದ್ದನ್ನೂ ಓದಬೇಕು. ಮುಚ್ಚಿಟ್ಟದ್ದೂ ಇತಿಹಾಸವೇ!

ಇನ್ನು ನಮ್ಮ ಮಾತಿಗೆ ಬರೋಣ. ಮಗನನ್ನು ಗಡಿಗೆ ಕಳುಹಿಸಿದ ಕೊಡಗಿನ ತಾಯಿ, ಬೆಳಗಾವಿಯ ತಂದೆ ಯುದ್ಧವನ್ನು ಓದಿದ್ದು ಕನ್ನಡದಲ್ಲಿ. ಆ ಕನ್ನಡ ಹಾಳೆಗಳನ್ನು ಕಾಯುವವರು ಯಾರು? 1940ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕಾಲಿಂಡೇಲ್ ಪತ್ರಿಕಾ ಭಂಡಾರದ ಮೇಲೆ ಜರ್ಮನ್ ಬಾಂಬು ಬಿದ್ದು ಸಾವಿರಾರು ಸಂಪುಟಗಳು ನಾಶವಾದವು. ಅವರು ಎದೆಗುಂದಲಿಲ್ಲ. ಉಳಿದದ್ದನ್ನು ಕಾಪಾಡಿದರು. ಇಂದು ಬಾಸ್ಟನ್ ಸ್ಪಾ ಎಂಬಲ್ಲಿ ಬೆಂಕಿಯೇ ಹತ್ತದಂತೆ ಆಮ್ಲಜನಕ ತಗ್ಗಿಸಿದ ಕಟ್ಟಡದಲ್ಲಿ ಪತ್ರಿಕೆಗಳನ್ನು ಇಟ್ಟಿದ್ದಾರೆ. ಅವರ ಪತ್ರಿಕೆಗಳನ್ನು ಬಾಂಬು ಸುಟ್ಟಿತು. ನಮ್ಮವನ್ನು ತಕ್ಕಡಿ ನುಂಗಿತು!

ದೆಹಲಿಯನ್ನು ನಂಬೋಣವೇ? ಪುಸ್ತಕಗಳ ಪ್ರತಿಯನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರಲ್ಲಿ ಕೇಂದ್ರ ಕಾಯ್ದೆ ಬಂತು. 1956ರಲ್ಲಿ ಪತ್ರಿಕೆಗಳಿಗೂ ಅನ್ವಯವಾಯಿತು. ಆ ಗ್ರಂಥಾಲಯಗಳಿರುವುದು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯಲ್ಲಿ. ಬೆಂಗಳೂರು ಆ ಪಟ್ಟಿಯಲ್ಲಿಲ್ಲ. ನಮ್ಮ ತಾತನ ಪೇಪರು ನೋಡಲು ನಾವು ರೈಲು ಹತ್ತಬೇಕೇ?

ಆದ್ದರಿಂದ ಕೆಲಸ ನಮ್ಮದು. 1962, 1965, 1971, 1999ರ ಕಾರ್ಗಿಲ್: ಒಂದು ಯುದ್ಧ ಆರಿಸಿಕೊಳ್ಳಿ. ಮೊದಲು ಮನೆಯ ಅಟ್ಟ, ಆಮೇಲೆ ನೆಂಟರ ಮನೆ, ಆಮೇಲೆ ಹಳೇ ಪೇಪರ್ ಅಂಗಡಿ. ಕೊಳ್ಳುವುದಾದರೆ ಅಸಲಿಯೋ ಮರುಮುದ್ರಣವೋ ನೋಡಿ. ಮುದ್ರಕರ, ಪ್ರಕಾಶಕರ ಹೆಸರಿನ ಸಾಲು ಇದೆಯೇ? ಹಳೆಯ ಪ್ರತಿಯಾದರೆ ಅಚ್ಚುಮೊಳೆ ಒತ್ತಿದ ಗುರುತು ಬೆರಳಿಗೆ ಸಿಗುತ್ತದೆಯೇ? ಐವತ್ತು ವರ್ಷದ ಹಾಳೆ ಬೆಳ್ಳಗೆ ಹೊಳೆಯುತ್ತಿದ್ದರೆ ಸಂಶಯಪಡಿ. ಮುಖಪುಟ ಮಾತ್ರ ಕತ್ತರಿಸಿಡಬೇಡಿ, ಇಡೀ ಸಂಚಿಕೆ ಇಡಿ.

ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಲು ತಾಗುವ ಗೋಡೆಗೆ ಕಟ್ಟು ಹಾಕಿಸಿ ನೇತುಹಾಕಬೇಡಿ. ಮರದ ತಿರುಳಿನ ಕಾಗದ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಬಿಡಿಸಿ, ಮಟ್ಟಸವಾಗಿ, ತೇವವಿಲ್ಲದ ಕತ್ತಲಲ್ಲಿಡಿ. ಪ್ರತಿ ಪುಟದ ಫೋಟೋ ತೆಗೆದು ನಾಲ್ಕು ಜನರಿಗೆ ಹಂಚಿ. ಬಚ್ಚಿಟ್ಟ ಸಾಕ್ಷಿ ಸಾಕ್ಷಿಯಲ್ಲ.

ಬಾವುಟ ಹಿಡಿಯುವುದು ಒಂದು ದಿನದ ಕೆಲಸ. ಹಾಳೆ ಕಾಯುವುದು ತಲೆಮಾರಿನ ಕೆಲಸ. ಈ ಭಾನುವಾರ ಅಟ್ಟ ಹತ್ತಿ, ಗೆಳೆಯರೇ. ತಕ್ಕಡಿಯವನಿಗಿಂತ ಮೊದಲು ಹತ್ತಿ!